ಎರಡು ಬಾಲದ ವಿಮಾನಕ್ಕೆ ಆಯುಧಪೂಜೆ

ಆಯುಧಪೂಜೆ ಮಾಡುವುದರಲ್ಲಿ ನನ್ನನ್ನು ಮೀರಿಸುವವನು ಬಂಗಾರಪೇಟೆಯಲ್ಲೇ ಇರಲಿಲ್ಲ. ಇದು ಜಂಬವಲ್ಲ, ಆಗಿನ ಕಾಲದ ವಾಸ್ತವ. ನಾನು ಓದಿದ್ದು ಮೂರನೇ ಕ್ಲಾಸು, ಓಡಿಸುತ್ತಿದ್ದುದು ಹಾಲಿನ ಕ್ಯಾನು ಸಾಗಿಸುವ ಟೆಂಪೊ. ಆದರೆ ಹಬ್ಬದ ದಿನ ಬೆಳಗಾಯಿತೆಂದರೆ ಬೀದಿಯವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಟ್ರ್ಯಾಕ್ಟರು, ಮೊಪೆಡ್ಡು, ಹೊಲಿಗೆ ಮೆಷಿನ್ನು, ಹಿಟ್ಟಿನ ಗಿರಣಿ, ಯಾವುದೇ ಇರಲಿ, ವಿಭೂತಿ ಎಲ್ಲಿ ಬಳಿಯಬೇಕು, ನಿಂಬೆಹಣ್ಣನ್ನು ಚಕ್ರದ ಕೆಳಗೆ ಎಷ್ಟು ಒಳಕ್ಕೆ ತಳ್ಳಬೇಕು ಎಂಬುದು ನನ್ನ ಕೈಗೆ ಗೊತ್ತಿತ್ತು. ನಾನು ಪೂಜೆ ಮಾಡಿದ ಗಾಡಿ ಪಂಚರ್ ಆದರೆ ಮಾಲೀಕನ ಭಕ್ತಿಯಲ್ಲೇ ಏನೋ ಕೊರತೆ ಎಂದು ಜನ ತಿಳಿಯುತ್ತಿದ್ದರು!

ಇಂಥ ನಾನು ನನ್ನ ತಮ್ಮನ ವಿಮಾನಕ್ಕೆ ಪೂಜೆ ಮಾಡಿದೆ.

ತಮ್ಮ ನಾಗರಾಜ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಮ್ಮ ಮನೆಯಲ್ಲೇ ಇದ್ದುಕೊಂಡು ದಿನಾ ಮಾರಿಕುಪ್ಪಂ ರೈಲಿಗೆ ಹೋಗಿ ಬರುತ್ತಿದ್ದ. ಅದೇ ವರ್ಕ್‌ಶಾಪಿನ ಸೆಲ್ವಂ, ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯವನು, ಅವನ ಜೀವದ ಗೆಳೆಯ. ಮೀಸೆ ಹೊತ್ತ ಈ ಇಬ್ಬರು ಗಂಡಸರಿಗೆ ಒಂದು ಹುಚ್ಚಿತ್ತು. ರಷ್ಯಾದ ಯುದ್ಧವಿಮಾನಗಳ ಕಿಟ್! ಡಬ್ಬಿಯ ತುಂಬ ಪ್ಲಾಸ್ಟಿಕ್ ತುಂಡುಗಳು ಬರುತ್ತವೆ. ಒಂದೊಂದನ್ನೂ ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ನಿಜವಾದ ವಿಮಾನದ ಅಚ್ಚಿನಂಥ ಪುಟ್ಟ ವಿಮಾನವಾಗುತ್ತದೆ. ಆದರೆ ಹಾರುವುದಿಲ್ಲ.

"ಆರಲ್ಲ ಅಂದ್ಮೇಲೆ ಅದ್ಯಾತಕ್ಲಾ?" ಎಂದು ಒಮ್ಮೆ ಕೇಳಿದೆ. ದೇವಸ್ಥಾನದ ಮುಂದೆ ನಿಂತು ದೇವರು ಎಷ್ಟು ಸಂಬಳ ಕೊಡುತ್ತಾನೆ ಎಂದು ಕೇಳಿದವನನ್ನು ನೋಡುವಂತೆ ಇಬ್ಬರೂ ನನ್ನನ್ನು ನೋಡಿದರು.

ಬೆಂಗಳೂರಿನಲ್ಲಿ ರಷ್ಯಾದ ಪುಸ್ತಕ, ಆಟದ ಸಾಮಾನು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಸಿಗುತ್ತಿದ್ದುದು ಯಾವಾಗಲೂ ಅದೇ ಎರಡು ಮೂರು ಹಳೇ ವಿಮಾನ. ಅವನ್ನೇ ಮತ್ತೆ ಮತ್ತೆ ಕಟ್ಟಿ ಇಬ್ಬರಿಗೂ ಬೇಸರ ಬಂದಿತ್ತು. ಹೊಸದು ಯಾವಾಗ ಎಂದು ಕೇಳಿದರೆ ಅಂಗಡಿಯವನದು ಒಂದೇ ಉತ್ತರ, "ಮುಂದಿನ ಹಡಗಿಗೆ." ಹೀಗೆ, ಸಮುದ್ರದ ಗಾಳಿಯೂ ಸುಳಿಯದ ಕೆಜಿಎಫ್‌ನಲ್ಲಿ ಇಬ್ಬರು ವರ್ಷಗಟ್ಟಲೆ ಹಡಗು ಕಾಯುತ್ತ ಕುಳಿತರು.

ಬೆಂಗಳೂರಿಗೆ ಹೋಗುವ ರೈಲಿನಲ್ಲೂ ಅದೇ ಮಾತು.

"ಈ ಸಲ ಎರಡು ಬಾಲದ ಮಿಗ್ ಬಂದೇ ಬತ್ತದೆ ನೋಡ್ಲಾ" ಎಂದು ತಮ್ಮ.

"ಇಲ್ಲಪ್ಪಾ, ಮೊದಲು ಸುಖೋಯ್ ತಾನ್ ವರುಂ. ಎಳ್ತಿ ತರ್ರೇನ್!" ಎಂದು ಸೆಲ್ವಂ. ಬರೆದುಕೊಡ್ತೀನಿ ಎನ್ನುವಷ್ಟು ಧೈರ್ಯ ಅವನಿಗೆ.

ಎದುರು ಕೂತಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ಕೇಳಿಸಿಕೊಂಡು, "ಯಾವ್ದಾರ ಒಂದು ಬರ್ಲಿ ಬಿಡ್ರಪ್ಪಾ. ಕಾಮಸಮುದ್ರ ಟೇಸನ್‌ನಾಗೆ ನಿಲ್ಲಿಸ್ತಾರಾ?" ಎಂದಳು.

ಕೊನೆಗೊಂದು ದಿನ ಎರಡು ಬಾಲದ ಮಿಗ್ ಬಂದಿತು. ಬಂದದ್ದು ಒಂದೇ ಡಬ್ಬಿ. ಇಬ್ಬರೂ ಅದನ್ನು ಮದುವೆ ಹೆಣ್ಣಿನ ಹಾಗೆ ಮಧ್ಯೆ ಕೂರಿಸಿಕೊಂಡು ರೈಲಿನಲ್ಲಿ ತಂದರು. ಆದರೆ ಅದೇ ಹೊತ್ತಿಗೆ ಗಣಿಯಲ್ಲಿ ಆಳು ಕಡಿಮೆ ಮಾಡುವ ಕಾಲ ಬಂತು. ಸೆಲ್ವಂ ಕೆಲಸ ಬಿಟ್ಟು, ದಸರಾ ಹೊತ್ತಿಗೆ ವೆಲ್ಲೂರಿನ ಕಡೆಯ ತನ್ನ ಅಪ್ಪನ ಊರಿಗೆ ಹೊರಡುವುದೆಂದು ತೀರ್ಮಾನವಾಯಿತು. "ಇದನ್ನ ಕಟ್ಟಿ ಅವನಿಗೆ ಕೊಟ್ಬಿಡ್ತೀನಿ ಅಣ್ಣಾ" ಎಂದ ತಮ್ಮ, ಅಷ್ಟೇ.

ಉರಿಗಾಂನಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಹಾರಿ ಬಂದು ಹಸಿ ಬಣ್ಣಕ್ಕೆ ಅಂಟುತ್ತಿತ್ತು. ಆದ್ದರಿಂದ ಸುರಕ್ಷಿತವಾದ ಜಾಗವೆಂದು ವಿಮಾನವನ್ನು ನಮ್ಮ ಮನೆಗೆ ತಂದರು. ಸುರಕ್ಷಿತವಾದ ಜಾಗ!

ಕಿಟಕಿಯ ಪಕ್ಕದ ಮೇಜಿನ ಮೇಲೆ ಅದು ತಿಂಗಳುಗಟ್ಟಲೆ ಬೆಳೆಯಿತು. ಭಾನುವಾರಗಳಲ್ಲಿ ಸೆಲ್ವಂ ಬರುತ್ತಿದ್ದ. ಇಬ್ಬರೂ ಉಸಿರು ಬಿಗಿಹಿಡಿದು, ಅಕ್ಕಿಕಾಳಿನಂಥ ತುಂಡುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದರು. ಒಂದು ದಿನ ನಾನೂ ಹತ್ತಿರ ಹೋಗಿ, "ರೆಕ್ಕೆ ನಾನ್ ಇಡ್ಕಂತೀನಿ, ನೀನು ಅಂಟಿಸು" ಎಂದೆ.

"ಬ್ಯಾಡ ಅಣ್ಣಾ. ನಿನ್ನ ಕೈ ದಪ್ಪ" ಎಂದ ತಮ್ಮ, ತಲೆ ಎತ್ತದೆ.

ಅವನು ಹೇಳಿದ್ದು ಸತ್ಯವೇ. ಆದರೆ ಅಪ್ಪ ಹೋದ ಮೇಲೆ ಆ ದಪ್ಪ ಕೈಯಲ್ಲೇ ಅವನಿಗೆ ಮುದ್ದೆ ಮುರಿದು ತಿನ್ನಿಸಿದ್ದೆ. ಆಗ ಯಾರೂ ಅಳತೆ ಕೇಳಿರಲಿಲ್ಲ. ಸೆಲ್ವಂನ ಕೈ ಆಗುತ್ತದೆ, ನನ್ನ ಕೈ ಆಗುವುದಿಲ್ಲ! ಹೊರಗೆ ಬಂದು ಟೆಂಪೊ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಆಯುಧಪೂಜೆಯ ದಿನ ಬಂತು. ವಿಮಾನ ಮುಗಿದಿತ್ತು. ಬೂದು ಬಣ್ಣ, ಮೂಗಿನ ತುದಿಗೆ ಸೂಜಿ, ಹೊಟ್ಟೆಯ ಕೆಳಗೆ ಮೂರು ಪುಟ್ಟ ಕಾಲು, ಕಾಲಿಗೆ ಕೊತ್ತಂಬರಿ ಬೀಜದಂಥ ಚಕ್ರ. ತಮ್ಮ ಹೊಸ ಪ್ಯಾಂಟು ಹಾಕಿಕೊಂಡು ಹೊರಟ.

"ಅಣ್ಣಾ, ವರ್ಕ್‌ಶಾಪ್ ಪೂಜೆ ಮುಗಿಸ್ಕಂಡು ಸೆಲ್ವಂನ ಜತೇಲೇ ಕರ್ಕಂಬತ್ತೀನಿ. ಸಾಯಂಕಾಲ ಇಲ್ಲಿಂದಲೇ ಅವ್ನು ಕಾಟ್ಪಾಡಿ ರೈಲು ಅತ್ತಬೇಕು. ಮೇಜು ಮಾತ್ರ ಮುಟ್ಟಬ್ಯಾಡ."

"ನಾನ್ಯಾಕ್ಲಾ ಮುಟ್ಲಿ?" ಎಂದೆ. ಆಗ ನಿಜವಾಗಿಯೂ ಮುಟ್ಟುವ ಯೋಚನೆ ಇರಲಿಲ್ಲ.

ಟೆಂಪೊ ಪೂಜೆ ಮುಗಿಸಿದೆ. ಸ್ಪ್ಯಾನರಿಗೆ, ಮಚ್ಚಿಗೆ, ಈಳಿಗೆ ಮಣೆಗೆ ಕುಂಕುಮ ಇಟ್ಟೆ. ಕೈಯಲ್ಲಿ ತಟ್ಟೆ ಇತ್ತು, ತಟ್ಟೆಯಲ್ಲಿ ವಿಭೂತಿ ಇತ್ತು, ಕಣ್ಣು ಮೇಜಿನ ಕಡೆ ಹೋಯಿತು. ಆಗ ನನ್ನ ಮೂರನೇ ಕ್ಲಾಸಿನ ತಲೆಯಲ್ಲಿ ಒಂದು ಮಹಾ ವಿಚಾರ ಉದಯಿಸಿತು. ಈಳಿಗೆ ಮಣೆಗೆ ಆಯುಧಪೂಜೆ, ಯುದ್ಧವಿಮಾನಕ್ಕಿಲ್ಲವೇ? ಇಡೀ ಮನೆಯಲ್ಲಿರುವ ನಿಜವಾದ ಆಯುಧ ಅದೊಂದೇ! ಅದೂ ಸಾಯಂಕಾಲ ದೂರ ಪ್ರಯಾಣ ಹೊರಟಿರುವ ಆಯುಧ!

"ರೀ, ನಿಮ್ ತಮ್ಮ ಮುಟ್ಟಬ್ಯಾಡ ಅಂದವ್ನೆ" ಎಂದಳು ನನ್ನ ಹೆಂಡತಿ ಪಾಪಮ್ಮ.

"ಮುಟ್ಟಬ್ಯಾಡ ಅಂದ. ಪೂಜೆ ಮಾಡಬ್ಯಾಡ ಅಂದ್ನಾ?"

ಮೂಗಿಗೆ ಅಡ್ಡಲಾಗಿ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟೆ. ವಿಭೂತಿ ಹಸಿಯಿತ್ತು. ಕುಂಕುಮ ಇಳಿದು ಕೆಳಗೆ ಹರಿಯಿತು. ಪಂಚೆಯ ಅಂಚಿನಿಂದ ಒರೆಸಿದರೆ ಮತ್ತಷ್ಟು ಹರಡಿತು. ನೆಗಡಿಯಾದವರ ಮೂಗಿನ ಹಾಗೆ ವಿಮಾನದ ಮುಖವೆಲ್ಲ ಕೆಂಪಾಯಿತು. ಇದನ್ನು ಮರೆಮಾಡಲು ಸೇವಂತಿಗೆ ಹಾರ ಹಾಕಿದೆ. ಹಾರದೊಳಗೆ ವಿಮಾನವೇ ಕಾಣದಾಯಿತು. ಎಲ್ಲೋ ಪಟ್ ಎಂದಿತು.

"ಏನೋ ಮುರೀತು ಕಣ್ರೀ!"

"ಊವಿನ ಕಡ್ಡಿ ಇರ್ಬೇಕು ಬಿಡೇ."

ಹೂವಿನ ಕಡ್ಡಿ ಬೂದು ಬಣ್ಣದ್ದಾಗಿತ್ತು. ತಮ್ಮ ಒಂದು ಭಾನುವಾರವೆಲ್ಲ ಕೂತು ಕೂರಿಸಿದ್ದ ಮೂಗಿನ ಸೂಜಿ. ಅದನ್ನು ಜೇಬಿಗೆ ಹಾಕಿಕೊಂಡೆ. ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ನಿಂಬೆಹಣ್ಣು ತಂದೆ.

ನಿಂಬೆಹಣ್ಣಿನ ಪಕ್ಕದಲ್ಲಿ ವಿಮಾನ, ಕುಂಬಳಕಾಯಿಯ ಪಕ್ಕದಲ್ಲಿ ಮಿಡತೆ ಕೂತ ಹಾಗೆ ಕಾಣಿಸಿತು. ಪಾಪಮ್ಮನಿಗೂ ಅಷ್ಟು ಹೊತ್ತಿಗೆ ಉತ್ಸಾಹ ಬಂದಿತ್ತು. "ನಿಂಬೆಹಣ್ಣು ದೊಡ್ಡದಾಯ್ತು, ಸುಂಡೆಕಾಯಿ ಇಡ್ರಿ" ಎಂದು ಅಡಿಗೆಮನೆಯಿಂದ ಮೂರು ಸುಂಡೆಕಾಯಿ ತಂದಳು. ಒಂದೊಂದು ಚಕ್ರದ ಮುಂದೆ ಒಂದೊಂದು ಇಟ್ಟು, ದೇವರನ್ನು ನೆನೆದು, ಹಿಂದಿನಿಂದ ತಳ್ಳಿದೆ. ಸುಂಡೆಕಾಯಿಗೆ ಏನೂ ಆಗಲಿಲ್ಲ. ವಿಮಾನದ ಮೂರು ಕಾಲೂ ಮೂರು ದಿಕ್ಕಿಗೆ ಮಡಿಸಿಕೊಂಡು, ಈಗ ತಾನೇ ಹುಟ್ಟಿದ ಕರುವಿನ ಹಾಗೆ ಅದು ಹೊಟ್ಟೆಯ ಮೇಲೆ ಕುಸಿಯಿತು.

ಪಾಪಮ್ಮ ಮೂರೂ ಸುಂಡೆಕಾಯಿ ಎತ್ತಿಕೊಂಡು ಒಳಗೆ ಹೋದಳು. ಸಾಕ್ಷಿ ಆಗುವುದು ಅವಳಿಗೆ ಬೇಕಿರಲಿಲ್ಲ.

ಅಂಟಿಸುವ ವಿದ್ಯೆ ನನಗೂ ಗೊತ್ತಿತ್ತಲ್ಲ! ಟೆಂಪೊದಿಂದ ಪಂಚರ್ ಸೊಲ್ಯೂಷನ್ ತಂದೆ. ಧಾರಾಳವಾಗಿಯೇ ಬಳಿದೆ. ಕಾಲುಗಳು ನಿಂತವು. ಒಣಗಲು ಬಿಡಬೇಕಿತ್ತು, ಆದರೆ ರಾಹುಕಾಲ ಹತ್ತಿರವಾಗಿತ್ತು, ಮಂಗಳಾರತಿ ಬಾಕಿಯಿತ್ತು. ಅರ್ಧ ಪೂಜೆ ಒಳ್ಳೆಯದಲ್ಲವೆಂದು ಕರ್ಪೂರ ಹಚ್ಚಿ ತಟ್ಟೆಯನ್ನು ಕೆಳಗಿನಿಂದ ಬೆಳಗಿದೆ.

ಭಗ್ಗೆಂದಿತು. ವಿಮಾನದ ಹೊಟ್ಟೆಯ ಕೆಳಗೆ ನೀಲಿ ಬೆಂಕಿ. ಒಂದು ಕ್ಷಣ, ದೇವರಾಣೆ, ಅದು ಹೊರಟೇಬಿಟ್ಟಿತು ಎಂದುಕೊಂಡೆ!

"ಅಯ್ಯೋ ದೇವುಡಾ!" ಎನ್ನುತ್ತ ಪಾಪಮ್ಮ ಓಡಿಬಂದು ಕಲಶದ ನೀರನ್ನು ಎರಚಿದಳು. ಬೆಂಕಿ ಆರಿತು. ಎಡಗಡೆಯ ರೆಕ್ಕೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮೇಲಕ್ಕೆ ಸುರುಳಿಯಾಗುತ್ತಿತ್ತು. ಬಿಸಿಯಿರುವಾಗಲೇ ನೇರ ಮಾಡಿಬಿಡೋಣವೆಂದು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದೆ. ಬೆರಳು ಸುಟ್ಟಿತು. ರೆಕ್ಕೆ ನೇರವಾಗಲಿಲ್ಲ. ಆದರೆ ನನ್ನ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯೂ ಕಾಣುವ ಹಾಗೆ, ಅಚ್ಚಾಗಿ ಕೂತಿತು. ಮೂರನೇ ಕ್ಲಾಸಾದರೂ ನನಗೆ ಸಹಿ ಹಾಕಲು ಬರುತ್ತದೆ. ಜೀವನದಲ್ಲಿ ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು.

ಅವರಿಬ್ಬರೂ ಬಂದರು. ಸೆಲ್ವಂನ ಕೈಯಲ್ಲಿ ಒಂದು ಟ್ರಂಕು. ತಮ್ಮನ ಕೈಯಲ್ಲಿ ವರ್ಕ್‌ಶಾಪಿನ ಕಡಲೆಪುರಿಯ ಪೊಟ್ಟಣ. ನಾನು ಮೇಜಿಗೆ ಅಡ್ಡ ನಿಂತೆ. ಆದರೆ ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ತುಂಬಿತ್ತು. ವಾಸನೆಗೆ ಅಡ್ಡ ನಿಲ್ಲುವುದು ಹೇಗೆ?

ತಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ತಿರುಗಿ ಕೂಗಾಡಿ ಸಮ ಮಾಡಿಕೊಳ್ಳುತ್ತಿದ್ದೆ. ಅವನು ವಿಮಾನ ಎತ್ತಿ, ತಿರುಗಿಸಿ, ರೆಕ್ಕೆಯ ಮೇಲಿನ ಗುರುತನ್ನು ಬಹಳ ಹೊತ್ತು ನೋಡಿದ.

"ಪೂಜೆ ಮಾಡ್ದೆ ಕಣ್ಲಾ" ಎಂದೆ. "ಒಳ್ಳೇದಾಗ್ಲಿ ಅಂತ."

"ಊಂ" ಎಂದ.

ಸೆಲ್ವಂ ನಗಲು ನೋಡಿದ. "ಪರವಾಯಿಲ್ಲೆ ಅಣ್ಣೇ. ಯುದ್ಧಕ್ಕೆ ಹೋಗಿ ಬಂದಿದೆ ಅನ್ಕೊಳ್ಳೋಣ. ಗೆದ್ದು ಬಂದಿದೆ." ನಗು ಅರ್ಧಕ್ಕೇ ನಿಂತಿತು. ಅವನು ಮೇಜಿನ ಕೆಳಗಿನಿಂದ ಕಿಟ್‌ನ ಖಾಲಿ ಡಬ್ಬಿ ಎತ್ತಿಕೊಂಡ. ಮುಚ್ಚಳದ ಮೇಲೆ, ಮೋಡಗಳ ಮಧ್ಯೆ, ಎರಡು ಬಾಲದ ವಿಮಾನ ಹಾರುತ್ತಿತ್ತು. "ನಾಗಾ, ಇದು ನಾನು ಒಯ್ತೀನಿ. ಪಡಂ ಇರುಕ್ಕಿಲ್ಲೇ, ಪೋದುಂ." ಚಿತ್ರ ಇದೆಯಲ್ಲ, ಸಾಕು ಎಂದ.

ವರ್ಷಗಟ್ಟಲೆ ಹಡಗು ಕಾದವನು ಕೊನೆಗೆ ಖಾಲಿ ಡಬ್ಬಿ ಹಿಡಿದು ರೈಲು ಹತ್ತಿದ. ಪ್ಲಾಟ್‌ಫಾರ್ಮಿನಲ್ಲಿ ನಾನೂ ಇದ್ದೆ. ಟ್ರಂಕು ಹೊತ್ತುಕೊಂಡಿದ್ದೆ. ದಪ್ಪ ಕೈ ಅದಕ್ಕಾದರೂ ಬಂತು. ರೈಲು ಕದಲಿದಾಗ ಕಿಟಕಿಯ ಪಕ್ಕದಲ್ಲೇ ನಡೆಯುತ್ತ ಘೋಷಿಸಿದೆ, "ಸೆಲ್ವಂ, ಯೋಚ್ನೆ ಮಾಡಬ್ಯಾಡ! ಬರೋ ವರ್ಷ ನಾನೇ ಇನ್ನೊಂದು ತಂದ್ಕೊಡ್ತೀನಿ!"

ಬರೋ ವರ್ಷಕ್ಕೆ ಆ ಹಡಗು ಕಳಿಸುವ ದೇಶವೇ ಇರಲಿಲ್ಲ.

ನಾನೇನು ಸುಳ್ಳು ಹೇಳಿರಲಿಲ್ಲ. ಒಂದು ಕಿಟ್ ತರದೆ ಹೋಗುವಷ್ಟು ಕೈಲಾಗದವನೂ ಆಗಿರಲಿಲ್ಲ. ಆದರೆ ಅಷ್ಟು ದೊಡ್ಡ ದೇಶ ನನ್ನ ಮಾತು ಕೆಡಿಸಲಿಕ್ಕೆಂದೇ ಒಡೆದು ಮುಚ್ಚಿಹೋಗುತ್ತದೆಂದು ಯಾರಿಗೆ ಗೊತ್ತಿತ್ತು? ಬೆಂಗಳೂರಿಗೆ ಹೋದಾಗಲೆಲ್ಲ ಆ ಅಂಗಡಿಗೆ ಹೋಗಿ, "ಹೊಸದು ಬಂತಾ ಸಾರ್?" ಎಂದು ಕೇಳಿದೆ. ಮೊದಮೊದಲು "ಮುಂದಿನ ಹಡಗಿಗೆ" ಎಂದ. ಆಮೇಲೆ "ಯಾವ ಹಡಗು?" ಎಂದ. ಆಮೇಲೆ ಅಲ್ಲಿ ಚಪ್ಪಲಿ ಮಾರುತ್ತಿದ್ದರು.

ತಮ್ಮ ಯಾವತ್ತೂ ಆ ಮಾತು ಎತ್ತಲಿಲ್ಲ. ಮತ್ತೆ ಯಾವ ಕಿಟ್ಟನ್ನೂ ಕಟ್ಟಲಿಲ್ಲ. ಉರಿಗಾಂನಲ್ಲಿ ಲೈನ್ ಮನೆ ಸಿಕ್ಕಿದಾಗ ಮೇಜು, ಚಿಮಟ, ಬಣ್ಣದ ಡಬ್ಬಿ ಎಲ್ಲ ಒಯ್ದ. ವಿಮಾನ ಮಾತ್ರ ಕಿಟಕಿಯ ಮೇಲೆಯೇ ಇತ್ತು. "ಮರ್ತ್ಬಿಟ್ಟೆ ನೋಡ್ಲಾ" ಎಂದು ಹಿಂದೆಯೇ ಓಡಿ ಕೊಡಹೋದೆ.

"ನೀನೇ ಇಟ್ಕ ಅಣ್ಣಾ" ಎಂದ. ಸಿಟ್ಟಿನಿಂದಲ್ಲ. ಮೆತ್ತಗೆ.

ಈಗ ಆಯುಧಪೂಜೆಗೆ ಯಾರೂ ನನ್ನನ್ನು ಕರೆಯುವುದಿಲ್ಲ. ತಮ್ಮ ಮಾತ್ರ ಆವತ್ತು ಊಟಕ್ಕೆ ಕರೆಯುತ್ತಾನೆ. ನಾನು ಹೋಗುವಷ್ಟರಲ್ಲಿ ಅವನ ಮಗಳ ಮೂರು ಚಕ್ರದ ಸೈಕಲ್ಲು ಅಟ್ಟದ ಮೇಲಿರುತ್ತದೆ.

ಹೆಬ್ಬೆಟ್ಟು ಒತ್ತಿದವರು ಸಾಮಾನ್ಯವಾಗಿ ಇದ್ದ ಆಸ್ತಿ ಕಳೆದುಕೊಳ್ಳುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಹೆಬ್ಬೆಟ್ಟು ಒತ್ತಿ ಒಂದು ಯುದ್ಧವಿಮಾನ ಸಂಪಾದಿಸಿದವನು ನಾನೊಬ್ಬನೇ. ಹಾರುವುದಂತೂ ಮೊದಲೇ ಇರಲಿಲ್ಲ. ಈಗ ನಿಲ್ಲುವುದೂ ಇಲ್ಲ.