ಐತವಾರದ ಟೀವ್ಯಾಗ ನಮ್ಮ ಮರ್ಯಾದಿ

ಮದವಿ ವಿಡಿಯೋ ತೆಗೆಯೋರ ಬಾಳ್ವೆ ಕೇಳಬ್ಯಾಡ್ರಿ. ಕ್ಯಾಮೆರಾ ಹೆಗಲಿಗೇರಿತಂದ್ರ ಒಂದಿಲ್ಲೊಂದು ಫಜೀತಿ ಬೆನ್ನಿಗೇ ಇರತೈತಿ. ಸಿಂದಗಿಯೊಳಗ ನನ್ನ ಸ್ಟುಡಿಯೋ. ಇಂಡಿ ಊರಾಗ ನನ್ನಂಥವನೇ ಒಬ್ಬ ಇದ್ದ. ಅವ ಪ್ರತಿ ಐತವಾರ ಕೇಬಲ್ ಟೀವಿಯೊಳಗ ಅರ್ಧ ತಾಸು ಹಿಡದು, ಬ್ಯಾರೇದವರು ತೆಗೆದ ಮದವಿ ಕ್ಯಾಸೆಟ್ ಹಾಕಿ ಆಡಿಕೊಂಡು ನಗತಿದ್ದ.

೧. ಬುಂದೇದ ಡಬರಿ

ಒಂದು ವಾರ ನನ್ನ ಕ್ಯಾಸೆಟ್ಟೇ ಬಂತು. "ನೋಡ್ರಿಪಾ, ಈ ಸಾಹೇಬ್ರು ಮದಿಮಗಳಕಿಂತ ಊಟಕ್ಕಿಟ್ಟ ಬುಂದೇದ ಡಬರೀನ ಹೆಚ್ಚು ತೋರಿಸ್ಯಾರ. ತಾಳಿ ಯಾರಿಗಿ ಕಟ್ಟಿದ್ರೋ ಏನೋ!"

ನನಗ ಮೈಯೆಲ್ಲಾ ಉರದು ಹೋತು. "ಈ ಮಗನ್ನ ಬಿಡಂಗಿಲ್ಲ" ಅಂತ ಎದ್ದೆ. ನನ್ನ ಹೇಂತಿ ಟೀವಿ ಮ್ಯಾಲಿಂದ ಕಣ್ಣು ಕೀಳಲಿಲ್ಲ. "ಕೂಡ್ರಿ ಸುಮ್ನ. ಬುಂದೆ ಮಾತ್ರ ಭಾಳ ಚಂದ ಬಂದೈತಿ" ಅಂದಳು.

೨. ತಾಳಿಕೋಟಿ ಗೆಳೆಯ

ಅಲ್ಲಿಂದ ಗಿರಾಕಿ ಹಿಂದ ಸರಿಯಾಕತ್ತಿದ್ರು. ಯಂಕಂಚಿಯ ಗೌಡರೊಬ್ಬರು ಹೇಳಿದ್ದ ಕೆಲಸ ಬ್ಯಾಡಂದ್ರು. "ನಿನ್ನ ಕೈ ಚಲೋ ಐತಿ ಖರೆ. ಆದ್ರ ಆ ಇಂಡಿಯವ ನಮ್ಮ ಬೀಗರ ಹೊಟ್ಟಿ ತೋರಿಸಿ ನಕ್ಕನಂದ್ರ ಸಂಬಂಧ ಉಳೀತೈತೇನೋ?" ಹಿಂಗ ಇನ್ನ ನಾಕು ಮಂದಿ ಅಂದಿದ್ರ ಸ್ಟುಡಿಯೋ ಬಾಗಲಾ ಹಾಕೋದೇ ಇತ್ತು.

ತಾಳಿಕೋಟಿಯ ನನ್ನ ಗೆಳೆಯನ ಕ್ಯಾಸೆಟ್ಟಿಗೂ ಅವ ಹಂಗ ನಕ್ಕಿದ್ದ. ಗೆಳೆಯ "ಅವನ್ನ ಬಡದೇ ಬರ್ತೇನಿ" ಅಂತ ಇಂಡಿ ಬಸ್ ಹತ್ತಿದ. ಸಂಜಿಗಿ ನಕ್ಕೋತ ಬಂದ.

"ಏನೋ, ಬಡದ್ಯಾ?"

"ಎಲ್ಲೀದು ಬಿಡೋ! ಮುಂದಿನ ವಾರ ನನ್ನನ್ನೂ ಟೀವ್ಯಾಗ ಕುಂದರಸ್ತಾನಂತ. ನಿನ್ನ ಕ್ಯಾಸೆಟ್ ನೋಡಿ ನಗಾಕ."

೩. ಅಕ್ಕಿಕಾಳು

ಕಡೀಕ ಆ ಇಂಡಿಯವನ ಮದವೀನೂ ಬಂತು, ಮುದ್ದೇಬಿಹಾಳದಾಗ. ಹೆಣ್ಣಿನ ಅಪ್ಪ ವಿಡಿಯೋ ಕೆಲಸ ನನಗ ಹೇಳಿದ. ಮದಿಮಗ ಬಾಸಿಂಗ ಕಟಗೊಂಡೇ ನನ್ನ ಕಿವ್ಯಾಗ ಅಂದ: "ಒಂದ ತಪ್ಪು ಸಿಗ್ಲಿ ಮಗನ, ಐತವಾರಕ್ಕ ನಿನ್ನ ಸ್ಟುಡಿಯೋ ಮುಗೀತು."

ಗಂಡು ಹೆಣ್ಣಿನ ನಡುವ ಅಂತರಪಟದ ಅರಿವಿ ಹಿಡದ್ರು. ಮಂಗಳಾಷ್ಟಕ ಶುರುವಾತು. ಅರಿವಿ ಆಚಿಂದ ಅವನ ದನಿ: "ಏ, ಲೈಟ್ ಸರಸೋ! ಅರಿವಿ ಮ್ಯಾಲ ಆಕಿ ನೆಳ್ಳ ಬೀಳಾಕತ್ತೈತಿ!" ಸರಸಿದೆ. "ಹಂಗಲ್ಲೋ ಮಂಗ್ಯಾ!" ಅಂದವನೇ ಜಿಗದು ಬಂದು ಕ್ಯಾಮೆರಾ ಕಸಗೊಂಡ.

ಕಣ್ಣು ಮುಚ್ಚಿ ಹಾಡಾಕತ್ತಿದ್ದ ಸ್ವಾಮಿಗೋಳು ಅಷ್ಟರಾಗ "ಸಾವಧಾನ" ಅಂದುಬಿಟ್ರು. ವಾಲಗ ಬಾರಿಸಿದ್ರು, ಮಂದಿ ಅಕ್ಕಿಕಾಳು ಒಗದ್ರು, ಅರಿವಿ ಸರೀತು. ಮದಿಮಗಳು ಹೂವಿನ ಮಾಲಿ ಎತ್ತಿ ನಿಂತಾಳ, ಎದುರಿಗಿ ಮದಿಮಗ ನಿಂದ್ರೋ ಮಣಿ ಖಾಲಿ! ಮದಿಮಗ ಕ್ಯಾಮೆರಾದಾಗ ಕಣ್ಣಿಟ್ಟು, "ಈಗ ನೋಡಲೇ, ಶಾಟ್ ಅಂದ್ರ ಇದು!" ಅನ್ನಾಕತ್ತಾನ.

ಹೆಣ್ಣಿನ ಅಪ್ಪನ ಕಣ್ಣು ಕೆಂಪಾದ್ವು. ತಪ್ಪು ನನ್ನ ತಲೀಗೇ ಕಟ್ಟತಾರಂತ ನಾ ಎರಡು ಹೆಜ್ಜಿ ಹಿಂದ ಸರದೆ. ಮದಿಮಗಳು ಮಾಲಿ ಕೆಳಗಿಳಿಸಿ ನನ್ನ ಕಡೆ ತಿರುಗಿದಳು.

"ಅಣ್ಣಾರ, ಆ ಕ್ಯಾಸೆಟ್ ನನ್ನ ಕೈಯಾಗ ಕೊಡ್ರಿ. ಈ ಐತವಾರ ಟೀವ್ಯಾಗ ನಾನೇ ಮಾತಾಡ್ತೇನಿ."