ಪೂಜೆಗೆ ಮಾತ್ರ ಇದ್ದ ಮೋಟಾರು

ಪಾಠ ಹೇಳುವವನಿಗೆ ಕೆಲಸವೂ ಬರಬೇಕೆಂದು ಹಟ ಹಿಡಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅಡುಗೆ ಪುಸ್ತಕ ಬರೆದವರೆಲ್ಲ ಒಲೆ ಹಚ್ಚುತ್ತಾರೆಯೇ? ಕಡೂರಿನ ಒಂದು ಐಟಿಐಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಪಂಪ್ ಮೋಟಾರ್ ರಿಪೇರಿ ಕಲಿಸುತ್ತಿದ್ದೇನೆ. ಬೋರ್ಡಿನ ಮೇಲೆ ನಾನು ಬರೆದ ಮೋಟಾರಿನಿಂದ ನೀರು ಬರುವುದೊಂದೇ ಬಾಕಿ. ನಿಜವಾದ ಮೋಟಾರೂ ಒಂದಿದೆ. ಕೆಟ್ಟರೆ ಮೇಲಿನವರಿಗೆ ಉತ್ತರ ಹೇಳುವವರು ಯಾರು ಎಂದು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಆಯುಧಪೂಜೆಯ ದಿನ ಹೊರತೆಗೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು ಮತ್ತೆ ಒಳಗಿಡುತ್ತಿದ್ದೆವು. ಅದರ ಸ್ಕ್ರೂಗಳು ಎಲ್ಲಿವೆಯೆಂದು ತಿಳಿಯಲು ಕುಂಕುಮ ಕೆರೆಯಬೇಕಿತ್ತು.

ಎರಡು ವರ್ಷದ ಹಿಂದೆ ಎಮ್ಮೆದೊಡ್ಡಿಯಿಂದ ರತ್ನ ಬಂದು ಸೇರಿದಳು. ಹುಡುಗಿಯರೆಲ್ಲ ಹೊಲಿಗೆಗೋ ಕಂಪ್ಯೂಟರಿಗೋ ಹೋಗುವ ಕಡೆ, ನಮ್ಮ ವಿಭಾಗಕ್ಕೆ ಬಂದ ಮೊದಲ ಹುಡುಗಿ. ನಾನು ಧಾರಾಳ ಮನುಷ್ಯ, ಬೇಡ ಎನ್ನಲಿಲ್ಲ. "ಕೈಗೆ ಗ್ರೀಸ್ ಯಾಕಮ್ಮ? ನಿನ್ನ ಅಕ್ಷರ ಮುತ್ತಿನ ಹಾಗಿದೆ, ಎಲ್ಲರ ರೆಕಾರ್ಡೂ ನೀನೇ ಬರಿ" ಎಂದು ಮರ್ಯಾದೆಯಿಂದ ಮೂಲೆಯಲ್ಲಿ ಕೂರಿಸಿದೆ. ಹುಡುಗರು ಒಂದು ಗುಜರಿ ಮೋಟಾರನ್ನು ಬಿಚ್ಚಿ ಆಡುತ್ತಿದ್ದರು. ಅವರು ಬಿಚ್ಚಿದ್ದನ್ನು ಅವಳು ಬರೆಯುತ್ತಿದ್ದಳು.

ಈಚೆಗೆ ತರೀಕೆರೆಯ ಪಂಪ್‌ಸೆಟ್ ವರ್ಕ್‌ಶಾಪಿನವರು, "ಅಪ್ರೆಂಟಿಸ್ ಕೆಲಸಕ್ಕೆ ಒಬ್ಬರನ್ನು ಕಳಿಸಿ, ನಮ್ಮೆದುರಿಗೇ ಮೋಟಾರ್ ಬಿಚ್ಚಿ ಜೋಡಿಸಬೇಕು" ಎಂದರು. ನಾನು ಒಬ್ಬ ಹುಡುಗನ ಹೆಸರು ಬರೆದಿಟ್ಟೆ. ರತ್ನ ಸ್ಟಾಫ್ ರೂಮಿಗೇ ಬಂದಳು. "ಸಾರ್, ನಾನು ಹೋಯ್ತೀನಿ. ಈ ಕೆಲ್ಸ ಸಿಗ್ನಿಲ್ಲ ಅಂದ್ರೆ ಓದಿದ್ದು ಸಾಕು ಅಂತ ಅಪ್ಪ ಮದ್ವೆ ಗೊತ್ತು ಮಾಡ್ಬಿಡ್ತಾರೆ." "ನೋಡೋಣ ಬಿಡಮ್ಮ" ಎಂದೆ. ನಮ್ಮ ಕಡೆ ಹಾಗೆಂದರೆ ಆಗುವುದಿಲ್ಲ ಎಂದೇ ಅರ್ಥ.

ಆ ಭಾನುವಾರ ನಮ್ಮ ಮನೆಯ ಸಂಪಿನ ಮೋಟಾರು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಸಖರಾಯಪಟ್ಟಣದಿಂದ ಹೆಂಡತಿಯ ತವರಿನವರು ಹನ್ನೊಂದು ಜನ ಬಂದಿಳಿದಿದ್ದರು. "ಊರ ಮಕ್ಕಳಿಗೆಲ್ಲ ಹೇಳ್ಕೊಡ್ತೀರಲ್ಲ, ಬಿಚ್ರೀ" ಎಂದಳು ಹೆಂಡತಿ. ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಮೋಟಾರಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಒಂದೊಂದು ಭಾಗವನ್ನೂ ವಿವರಿಸಿದೆ. ಮಾವನವರು ಖಾಲಿ ಚೊಂಬು ಹಿಡಿದು ಪೂರ್ತಿ ಪಾಠ ಕೇಳಿದರು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಹೆಂಡತಿ ಒಳಗಿನಿಂದಲೇ ಹೇಳಿದಳು.

ಅಷ್ಟರಲ್ಲಿ ಇಡೀ ಕ್ಲಾಸಿನ ರೆಕಾರ್ಡ್ ಪುಸ್ತಕಗಳನ್ನು ಹೊತ್ತುಕೊಂಡು ರತ್ನ ಸಹಿಗೆ ಬಂದಳು. ಪುಸ್ತಕ ಕೆಳಗಿಟ್ಟು ಮೇನ್ ಆಫ್ ಮಾಡಿದಳು. ಹಿಂದಿನ ಮುಚ್ಚಳ ಬಿಚ್ಚಿ, ಎರಡು ತೊಟ್ಟು ಎಣ್ಣೆ ಬಿಟ್ಟು, ಫ್ಯಾನನ್ನು ಅತ್ತ ಇತ್ತ ತಿರುಗಿಸಿದಳು. "ಜಾಮ್ ಆಗೈತೆ ಸಾರ್, ಅಷ್ಟೇಯ." ಸ್ವಿಚ್ ಹಾಕಿದ್ದೇ ನೀರು ಏರಿತು.

"ಎಲ್ಲಿ ಕಲಿತೆ?" ಎಂದೆ.

"ಅಮ್ಮನ ಹತ್ರ ಸಾರ್. ನಮ್ಮನೇಲಿ ದನ ಅಪ್ಪಂದು, ಮೋಟಾರ್ ಅಮ್ಮಂದು."

ಮಾವನವರು ನನ್ನ ಮುಖ ನೋಡದೆ ಬಚ್ಚಲಿಗೆ ಹೋದರು. ಅಂಥ ಕೈಗೆ ಎರಡು ವರ್ಷ ಪೆನ್ನು ಕೊಟ್ಟು ಕೂರಿಸಿದ್ದೆನಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಸೋಮವಾರ ಬೀರುವಿನ ಬೀಗ ತೆಗೆದೆ. ರತ್ನ ಕುಂಕುಮ ಕೆರೆದು ಮೋಟಾರು ಬಿಚ್ಚಿದಳು, ಜೋಡಿಸಿದಳು. ಆಮೇಲೆ ಹುಡುಗರಿಗೂ ಹೇಳಿಕೊಟ್ಟಳು. ತರೀಕೆರೆಗೆ ಅವಳೇ ಹೋದಳು, ಕೆಲಸ ಸಿಕ್ಕಿತು, ಮದುವೆಯ ಮಾತು ನಿಂತಿತು. ಈಗ ನಾನೂ ರಜಾ ದಿನಗಳಲ್ಲಿ, ಮೇಲ್ವಿಚಾರಣೆಗೆ ಎಂದು ಮನೆಯಲ್ಲಿ ಹೇಳಿ, ಆ ವರ್ಕ್‌ಶಾಪಿಗೆ ಹೋಗುತ್ತೇನೆ.

ಮೊನ್ನೆ ಅಜ್ಜಂಪುರದ ಕಡೆಯ ರೈತರೊಬ್ಬರು ಕೆಟ್ಟ ಮೋಟಾರು ತಂದಿಳಿಸಿ, ನನ್ನತ್ತ ನೋಡಿ, "ಯಾರವ್ವಾ ಇವ್ರು?" ಎಂದರು.

"ನಮ್ ಸಾರು ಕಣಣ್ಣ. ನಂಗೆ ಪಾಠ ಹೇಳಿದೋರು."

"ಅಂಗಾದ್ರೆ ನಮ್ ಮೋಟಾರ್ನ ಅವ್ರೇ ನೋಡ್ಲಿ."

ನಾನು ಅಂಗಿಯ ತೋಳು ಮಡಿಸಿ ಸ್ಪ್ಯಾನರ್ ಎತ್ತಿಕೊಂಡೆ. ರತ್ನ ಮೆತ್ತಗೆ ಅದನ್ನು ಈಸಿಕೊಂಡಳು. "ಬ್ಯಾಡ ಕಣಣ್ಣ, ಅವ್ರು ಈಗಿನ್ನೂ ಸೇರ್ಕೊಂಡವ್ರೆ."