ಕ್ಲಚ್ಚಿಗೊಂದು ಹೂ ಪ್ರಸಾದ

ಗೇರಿಲ್ಲದ ಕಾರನ್ನು ಕಾರು ಎಂದು ಕರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಅದು ಕಾರಲ್ಲ, ಬಾಗಿಲಿರುವ ಉಯ್ಯಾಲೆ. ಕೂರುವುದು, ಕಾಲು ಅದುಮುವುದು, ಅದು ಹೋದಲ್ಲಿಗೆ ಹೋಗುವುದು. ಎಡಗಾಲಿಗೆ ಕೆಲಸವಿಲ್ಲ, ಎಡಗೈಗೆ ಕೆಲಸವಿಲ್ಲ, ತಲೆಗಂತೂ ಕೇಳುವುದೇ ಬೇಡ. ಕಾರಿಗೆ ದೇವರು ಮೂರು ಪೆಡಲ್ ಕೊಟ್ಟಿರುವಾಗ (ಪೆಡಲ್ ಕೊಟ್ಟವನು ದೇವರಲ್ಲ ಎಂದು ನನ್ನ ಹೆಂಡತಿ ತಿದ್ದುತ್ತಾಳೆ, ತಿದ್ದಲಿ) ಅದರಲ್ಲೊಂದನ್ನು ಕಿತ್ತುಕೊಂಡು, ಕಿತ್ತದ್ದಕ್ಕೆ ಹೆಚ್ಚು ಬೆಲೆ ಹೇಳುವವರಿಗೆ ಏನನ್ನಬೇಕು? ಆ ಬೆಲೆ ಕೊಟ್ಟು ಹಲ್ಲು ಕಿರಿಯುವವರಿಗೆ ಏನನ್ನಬೇಕು?

ಇಂಥ ಹಲ್ಲು ಕಿರಿಯುವವರಲ್ಲಿ ಅಗ್ರಗಣ್ಯ ನನ್ನ ಷಡ್ಡಕ ನಿಂಗರಾಜು, ಅಂದರೆ ನನ್ನ ಹೆಂಡತಿ ಶಾಲಿನಿಯ ಅಕ್ಕನ ಗಂಡ. ಜಯಲಕ್ಷ್ಮಿಪುರಂನಲ್ಲಿ ಮನೆ, ಮನೆಯ ಮುಂದೆ ಗೇರಿಲ್ಲದ ಹೊಸ ಕಾರು, ಮುಖದಲ್ಲಿ ಸದಾ ಮದುಮಗನ ಕಳೆ. ಕಳೆದ ವರ್ಷ ಒಂದು ಭಾನುವಾರ ಎರಡೂ ಮನೆಯವರು ಚಾಮುಂಡಿ ಬೆಟ್ಟಕ್ಕೆ ಹೊರಟಾಗ ಆತ ತಿರುವಿನಲ್ಲಿ ನನ್ನನ್ನು ಹಿಂದೆ ಹಾಕಿದ. ಹಾಕಲಿ, ಬೆಟ್ಟವೇನು ನನ್ನಪ್ಪನ ಆಸ್ತಿಯಲ್ಲ. ಆದರೆ ಹಿಂದೆ ಹಾಕುವಾಗ ಅವನ ಎಡಗೈಯಲ್ಲಿ ಸುಟ್ಟ ಜೋಳದ ತೆನೆ ಇತ್ತು! ನಾನು ಹದಿನಾಲ್ಕು ವರ್ಷದ ಹಳೆಯ ಬಿಳಿ ಕಾರನ್ನು ಎರಡನೇ ಗೇರಿನಲ್ಲಿ ಬೈದು, ಬೇಡಿ, ಮೇಲಕ್ಕೆ ಹತ್ತಿಸುತ್ತಿದ್ದರೆ ಈ ಮಹಾಶಯ ಕಾಳು ಬಿಡಿಸಿ ತಿನ್ನುತ್ತಾ ಪಕ್ಕದಲ್ಲೇ ಹಾದುಹೋದ.

"ಭಾವ ಎಷ್ಟು ಆರಾಮಾಗಿ ಓಡಿಸ್ತಾರೆ ನೋಡಿ" ಎಂದಳು ಶಾಲಿನಿ.

"ಓಡಿಸ್ತಿರೋದು ಕಾರು. ಅವನು ತಿಂತಾ ಇದಾನೆ, ಅಷ್ಟೆ" ಎಂದೆ.

ಆದರೂ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ನನಗೆ, ಪಂಪ್‌ಸೆಟ್ ರಿಪೇರಿಯ ದೇವರಾಜುಗೆ, ಸುತ್ತಮುತ್ತಲ ಹಳ್ಳಿಗಳಲ್ಲಿ ಹೆಸರಿದೆ. ಕೆಟ್ಟು ಕೂತ ಮೋಟಾರು ನನ್ನ ಕೆಮ್ಮು ಕೇಳಿದರೆ ಸಾಕು ತಿರುಗುತ್ತದೆ ಎನ್ನುತ್ತಾರೆ. (ಎನ್ನುವವನು ನಾನೇ, ಆದರೆ ಯಾರೂ ಅಲ್ಲಗಳೆದಿಲ್ಲ.) ಇಂಥವನು ಜೋಳದ ತೆನೆಗೆ ಸೋಲುವುದೇ? ಮರುದಿನವೇ ಕಾರನ್ನು ಪುನೀತ್ ಎಂಬ ಹುಡುಗನ ಗ್ಯಾರೇಜಿಗೆ ಬಿಟ್ಟೆ. ಹಳೆಯ ಕಾರುಗಳಿಗೆ ಹೊಸ ಪ್ರಾಣ ತುಂಬಿ ರೇಸ್ ಕುದುರೆ ಮಾಡುವುದು ಅವನ ಕಸುಬು. ಆರು ತಿಂಗಳು, ಅಂಗಡಿ ಮುಚ್ಚಿದ ಮೇಲೆ ದಿನಾ ಅಲ್ಲಿಗೆ ಹೋಗಿ ಕಾರಿನ ಕೆಳಗೆ ಮಲಗಿದೆ. ಇಂಜಿನ್ನಿಗೆ ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಬಂತು, ಅಗಲ ಚಕ್ರ ಬಂತು, ತೋಳಿನಷ್ಟು ದಪ್ಪದ ಸೈಲೆನ್ಸರ್ ಬಂತು. ಮನೆಯಲ್ಲಿ ಇದಕ್ಕೆಲ್ಲ 'ಸರ್ವಿಸ್' ಎಂದು ಹೇಳಿದ್ದೆ. ಆದರೆ ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ಅದನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎದುರು ಮನೆಯ ಚೂಡಾಮಣಿ ಮೇಡಮ್ ತಮ್ಮ ಮಿಕ್ಸಿ ಸುಟ್ಟುಹೋಯಿತೆಂದು ಕಿರುಚಿಕೊಂಡು ಹೊರಗೆ ಬಂದರು. ಅಲ್ಲಿಗೆ ಗುಟ್ಟು ರಟ್ಟಾಯಿತು.

ಆ ವೈಭವ ಬಾಳಿದ್ದು ನಾಲ್ಕು ದಿನ. ಐದನೆಯ ದಿನ ರಿಂಗ್ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದೆ ನೋಡಿ, ಕೆಳಗಿನಿಂದ ಡಬ್ಬಿಯಲ್ಲಿ ಹುರಿಗಡಲೆ ಕುಲುಕಿದ ಸದ್ದು ಬಂತು, ಕಾರು ನಿಂತಿತು. ಪುನೀತ್ ಎಳೆದುಕೊಂಡು ಹೋಗಿ, ಬಿಚ್ಚಿ, ಹಲ್ಲು ಉದುರಿದ ಚಕ್ರಗಳನ್ನು ನನ್ನ ಅಂಗೈ ಮೇಲೆ ಇಟ್ಟ.

"ಸರ್, ಈಗಿರೋ ಪವರ್‌ಗೆ ಹಳೇ ಗೇರ್‌ಬಾಕ್ಸ್ ತಡೆಯಲ್ಲ. ಎರಡೇ ದಾರಿ. ಗಟ್ಟಿಯಾದ ಮ್ಯಾನ್ಯುಯಲ್ ಹಾಕಣ, ಇಲ್ಲಾ ಆಟೋಮ್ಯಾಟಿಕ್ ಹಾಕಣ."

"ಎರಡನೇದು ಬಾಯಲ್ಲೂ ತರಬೇಡ" ಎಂದೆ.

"ಈಗಿನ ಆಟೋಮ್ಯಾಟಿಕ್ ಅಂಗಿಲ್ಲ ಸರ್. ನಿಮಗಿಂತ ಬೇಗ ಗೇರ್ ಬದಲಾಯಿಸ್ತದೆ. ಮ್ಯಾನ್ಯುಯಲ್ ಆದ್ರೆ ಕ್ಲಚ್ ಕಲ್ಲು ಇದ್ದಂಗೆ ಇರ್ತದೆ, ಟ್ರಾಫಿಕ್ಕಲ್ಲಿ ಮಂಡಿ ಹೋಗ್ತದೆ. ಶುಕ್ರವಾರದೊಳಗೆ ಹೇಳಿ, ಆರ್ಡರ್ ಹಾಕ್ಬೇಕು. ಮೇಡಮ್‌ನೂ ಒಂದ್ಮಾತು ಕೇಳಿ."

ನನಗಿಂತ ಬೇಗವಂತೆ! ನಿನ್ನೆ ಮೊನ್ನೆ ಮೀಸೆ ಬಂದವನು ನನ್ನ ಮಂಡಿಯ ಮೇಲೆ ಭವಿಷ್ಯ ಹೇಳುತ್ತಾನೆ. ಹೆಂಡತಿಯನ್ನು ಕೇಳುವ ಮಾತಂತೂ ಇರಲೇ ಇಲ್ಲ. ಆದರೆ ಅವನು ಆಗಲೇ ಅವಳಿಗೆ ಫೋನ್ ಮಾಡಿಬಿಟ್ಟಿದ್ದ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಆಟೋಮ್ಯಾಟಿಕ್ಕೇ ಆಗ್ಲಿ ಕಣ್ರೀ. ನಾನೂ ಓಡಿಸ್ಬೋದು."

"ನಿನಗೆ ಸ್ಕೂಟರ್ ಇದೆಯಲ್ಲ?"

"ಲೈಸೆನ್ಸು ತಗೊಂಡು ಎಂಟು ವರ್ಷ ಆಯ್ತು. ಒಂದು ದಿನ ಸ್ಟೇರಿಂಗ್ ಮುಟ್ಟೋಕೆ ಬುಟ್ಟಿದೀರಾ? ಒಂದ್ಸಲ ಕೂತ್ರೆ ಕ್ಲಚ್ ಬಿಡು, ಕ್ಲಚ್ ಒತ್ತು, ಅಯ್ಯೋ ಗೇರ್ ಸತ್ತೋಯ್ತು ಅಂತ ಬೀದಿ ಜನಾನೆಲ್ಲ ಸೇರಿಸ್ಬುಟ್ರಿ."

"ಶಾಲಿನಿ, ಗೇರು ಹಾಕುವುದು ಒಂದು ವಿದ್ಯೆ, ಒಂದು ತಪಸ್ಸು. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟ ಮನುಷ್ಯ ಸೋಮಾರಿಯಾಗಿ, ಸೋಮಾರಿಯಾದವನು..."

"ಅಂಗಾದ್ರೆ ಅಂಗಡೀಲಿ ರೈತರಿಗೆ ಆಟೋಮ್ಯಾಟಿಕ್ ಸ್ಟಾರ್ಟರ್ ಮಾರೋವಾಗ ಏನಂತೀರಿ? 'ಸ್ವಾಮಿ, ಮನೇಲಿ ಮಲಗಿರಿ, ಕರೆಂಟ್ ಬಂದ್ರೆ ಮೋಟಾರು ತಾನೇ ಆನ್ ಆಗ್ತದೆ, ಈ ಕಾಲದಲ್ಲಿ ಕೈಯಲ್ಲಿ ಒತ್ತೋನು ದಡ್ಡ' ಅನ್ನಲ್ವಾ? ನಾನೇ ಕೇಳಿಸ್ಕಂಡಿದೀನಿ."

ಅದು ವ್ಯಾಪಾರ, ಇದು ಸಿದ್ಧಾಂತ. ಈ ಸೂಕ್ಷ್ಮ ಹೆಂಗಸರಿಗೆ ಅರ್ಥವಾಗುವುದಿಲ್ಲ. ನಿಜ ಹೇಳಬೇಕೆಂದರೆ ಸಿದ್ಧಾಂತಕ್ಕಿಂತ ದೊಡ್ಡ ಭಯವೊಂದು ನನಗಿತ್ತು. ನಮ್ಮ ಮನೆಯಲ್ಲಿ ಟೀವಿ ಅವ್ವನದು, ಬೀರುವಿನ ಕೀಲಿ ಶಾಲಿನಿಯದು, ನನ್ನ ಫೋನು ಕೂಡ ಅರ್ಧ ಅವಳದೇ. ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನಲೂ ನಾನು ಹೊತ್ತು ನೋಡಿ ಬಾಯಿ ತೆಗೆಯಬೇಕು. ಕಾರಿನ ಬಲಗಡೆಯ ಸೀಟಿನಲ್ಲಿ ಕೂತು ಎಡಗೈಯಲ್ಲಿ ಗೇರಿನ ಕೋಲು ಹಿಡಿದಾಗ ಮಾತ್ರ ನಾನು ಹೇಳಿದ ಕಡೆಗೆ ಎಲ್ಲರೂ ಬರುತ್ತಿದ್ದರು. ಅದೂ ಹೋದರೆ ನನ್ನ ಹತ್ತಿರ ಏನುಳಿಯುತ್ತದೆ? ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಮೈಲೇಜಿನ ಬಗ್ಗೆ ಭಾಷಣ ಮಾಡಿದೆ.

ಎರಡು ದಿನ ಜಗಳ ನಡೆಯಿತು. ಬುಧವಾರ ನನ್ನ ಅವ್ವ ಬೆಟ್ಟಮ್ಮ ಧಾರಾವಾಹಿಯ ಸದ್ದು ತಗ್ಗಿಸಿ ತೀರ್ಪು ಕೊಟ್ಟಳು.

"ಏನ್ಲಾ ಇದು, ಗಂಡ ಎಂಡ್ರು ಗೇರು ಗೇರು ಅಂತ ಬಡ್ಕತೀರಿ? ಗುಡೀಲಿ ಊವ ಕೇಳ್ಸಿ. ಅಮ್ಮ ಯಾವ್ ಕಡೆ ಕೊಡ್ತಾಳೋ ಅಂಗೇ ಮಾಡಿ. ನಿನ್ ಮದ್ವೆನೂ ಊವ ಕೇಳ್ಸೇ ಮಾಡಿದ್ದು."

(ಆ ಉದಾಹರಣೆ ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.)

ದಟ್ಟಗಳ್ಳಿಯಲ್ಲಿ ಬಡಾವಣೆ ಏಳುವ ಮೊದಲಿನಿಂದ ಇರುವ ಅಮ್ಮನ ಗುಡಿಯೊಂದಿದೆ. ಈಗ ಒಂದು ಕಡೆ ಬೇಕರಿ, ಇನ್ನೊಂದು ಕಡೆ ಜಿಮ್. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅಪ್ಪಣೆ. ಒಮ್ಮೊಮ್ಮೆ ಅರ್ಧ ಗಂಟೆ ಕಾಯಬೇಕು. ಟರ್ಬೊ ಹಾಕಿದ ಕಾರಿನ ಗೇರ್‌ಬಾಕ್ಸನ್ನು ದಾಸವಾಳದಿಂದ ನಿರ್ಧರಿಸುವ ಜನರ ನಡುವೆ ನಾನು ಬದುಕುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಕನಿಕರಪಟ್ಟುಕೊಂಡೆ. ಮೌಢ್ಯಕ್ಕೆ ಮದ್ದು ವಿಜ್ಞಾನ. ಒಪ್ಪಿಕೊಂಡೆ.

ಶುಕ್ರವಾರ ಬೆಳಿಗ್ಗೆ ನಮ್ಮ ಹಿತ್ತಲಿನಿಂದ ಎರಡು ಕೆಂಪು ದಾಸವಾಳ ನಾನೇ ಕಿತ್ತೆ. ಚಿಕ್ಕದನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿದೆ. ಅದು ಕಲ್ಲಿಗೆ ಕಚ್ಚಿಕೊಂಡರೆ ಸಂಜೆಯವರೆಗೂ ಬಿಡುವುದಿಲ್ಲ. ದೊಡ್ಡದರ ಬೆನ್ನಿಗೆ, ಪುನೀತನ ಗ್ಯಾರೇಜಿನಿಂದ ತಂದ ಸೀಸೆಯಿಂದ ಎರಡು ತೊಟ್ಟು ಗೇರ್ ಆಯಿಲ್ ಸವರಿದೆ. ಹಲ್ಲು ಹಲ್ಲು ಉಜ್ಜುವ ಉಕ್ಕೇ ಅದರಲ್ಲಿ ಜಾರುತ್ತದೆ, ಹೂವು ಯಾವ ಲೆಕ್ಕ? 'ಗೇರಿರುವ ಕಾರಾದರೆ ಬಲಗಡೆ ಕೊಡು ತಾಯಿ' ಎಂದು ನಾನು ಕೇಳುವುದು, ಅಮ್ಮ ತಕ್ಷಣ ಕೊಡುವುದು. ಯೋಜನೆ ಅಚ್ಚುಕಟ್ಟಾಗಿತ್ತು.

ಪೂಜಾರಿ ಸಿದ್ದಪ್ಪಾಜಿಯ ಕೈಗೆ ಹೂ ಕೊಡುತ್ತಾ, "ದೊಡ್ಡದು ಬಲಗಡೆಗಿರಲಿ, ಶ್ರೇಷ್ಠ" ಎಂದೆ. ಆತ ತಲೆಯಾಡಿಸಿ ಅಂಟಿಸಿದ. ನಾನು ಕೈ ಮುಗಿದು ಮುಂದೆ ಬಂದು ಗಂಟಲು ಸರಿಮಾಡಿಕೊಂಡೆ.

"ನೀವು ಇಂದಕ್ಕೆ ಬನ್ನಿ ಬುದ್ದಿ" ಎಂದ ಪೂಜಾರಿ. "ಇಲ್ಲಿ ಊವ ತಂದೋರು ಕೇಳಂಗಿಲ್ಲ. ನಮ್ಮಪ್ಪನ ಕಾಲದಿಂದ ಇರೋ ಕಟ್ಟಳೆ. ಆಸೆ ಇರೋರು ಊವಲ್ಲೇ ಏನಾರ ಕಿತಾಪತಿ ಮಾಡ್ತಾರೆ ಅಂತ. ಅಮ್ಮಣ್ಣಿ, ನೀವು ಕೇಳಿ."

ಶಾಲಿನಿಯ ಸೆರಗು ಹಿಡಿದು ಪಿಸುಗುಟ್ಟಿದೆ. "ಗೇರ್ ಕಾರಿಗೆ ಬಲಗಡೆ ಅಂತ ಕೇಳು."

"ಕೇಳೋಳು ನಾನು, ನಂಗೆ ಬೇಕಾಗಿದ್ದು ಕೇಳ್ತೀನಿ. ಬ್ಯಾಡಾಂದ್ರೆ ಅಮ್ಮ ಎಡಗಡೆ ಕೊಡ್ತಾಳೆ ಬುಡಿ. ನೀವ್ಯಾಕೆ ಹೆದರ್ಕೋತೀರಿ?" ಎಂದವಳೇ ಕಣ್ಣು ಮುಚ್ಚಿದಳು. "ತಾಯಿ, ಗೇರಿಲ್ಲದ ಕಾ..."

'ರು' ಎನ್ನುವಷ್ಟರಲ್ಲಿ ದೊಡ್ಡ ದಾಸವಾಳ ಅಮ್ಮನ ಬಲಭುಜದಿಂದ ಜರ್ರನೆ ಇಳಿದು ತಟ್ಟೆಗೆ ಬಿತ್ತು.

ಬೇಕರಿಯಿಂದ ಬನ್ ತರಲು ಹೋಗುತ್ತಿದ್ದವರೂ ನಿಂತರು. "ನಲವತ್ತು ವರ್ಸ ಪೂಜೆ ಮಾಡಿದೀನಿ, ಇಂಗೆ ಕೊಟ್ಟಿದ್ದು ಕಂಡಿಲ್ಲ!" ಎಂದು ಸಿದ್ದಪ್ಪಾಜಿ ಕೆನ್ನೆ ಕೆನ್ನೆ ಬಡಿದುಕೊಂಡ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಲಿನಿ ಹೂವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಮೂಗಿನ ಹತ್ತಿರ ತಂದಳು. ಒಂದು ಕ್ಷಣ ಹಾಗೇ ನಿಂತಳು. ಅದನ್ನು ನಾನು ಭಕ್ತಿ ಎಂದುಕೊಂಡೆ.

"ಅಣ್ಣಾ, ಇದೇ ಹೂವಲ್ಲಿ ಇನ್ನೊಂದು ಕೇಳ್ಬೋದಾ?"

"ಮೂರು ಕೇಳ್ಬೋದು ಕಣವ್ವಾ."

"ಬೇಡ, ಪದೇಪದೇ ಕೇಳಿ ದೇವರಿಗೆ ತೊಂದರೆ ಕೊಡಬಾರದು" ಎಂದೆ. ನನ್ನ ಮಾತನ್ನು ಯಾರು ಕೇಳಬೇಕು? ಹೂ ಮತ್ತೆ ಬಲಭುಜ ಏರಿತು.

"ತಾಯಿ, ಇನ್ಮೇಲೆ ಕಾರು ನಾನೇ ಓಡಿಸೋದಾದ್ರೆ ಬಲಗಡೆ ಕೊಡು." ಜರ್ರ್!

"ತಾಯಿ, ಇವರು ಆ ಗ್ಯಾರೇಜಿಗೆ ಹೋಗೋದು ಬುಟ್ಟು, ಭಾನುವಾರದ ಅಡಿಗೆ ಇವರೇ ಮಾಡೋದಾದ್ರೆ ಬಲಗಡೆ ಕೊಡು." ಜರ್ರ್!

ಆ ಮೂರನೆಯ ಸಲ ಪೂಜಾರಿ ಇನ್ನೂ ಕೈ ಹಿಂದಕ್ಕೆ ತೆಗೆದಿರಲಿಲ್ಲ. ನಾನು ನಿಜ ಹೇಳುವಂತೆಯೂ ಇರಲಿಲ್ಲ. ಅಮ್ಮನ ಹೂವಿಗೆ ಗೇರ್ ಆಯಿಲ್ ಸವರಿದೆ ಎಂದರೆ ಅವ್ವ ಅಲ್ಲೇ ನನಗೆ ಪೊರಕೆ ಸೇವೆ ಮಾಡುತ್ತಿದ್ದಳು. ಆದ್ದರಿಂದ ನಾನೂ ಕೆನ್ನೆ ಕೆನ್ನೆ ಬಡಿದುಕೊಂಡೆ.

ಒಂದು ತಿಂಗಳ ನಂತರ, ಒಂದು ಶನಿವಾರ, ಕಾರು ತಯಾರಾಯಿತು. ಪುನೀತ್ ಕೀಲಿಯನ್ನು ನೇರವಾಗಿ ಶಾಲಿನಿಯ ಕೈಗೆ ಕೊಟ್ಟ. ನಾನು ಎಡಗಡೆಯ ಸೀಟಿನಲ್ಲಿ ಅವಳ ವ್ಯಾನಿಟಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ನನ್ನ ಟರ್ಬೊ, ನನ್ನ ಅಗಲ ಚಕ್ರ, ನನ್ನ ಸೈಲೆನ್ಸರ್ ಎಲ್ಲ ಒಂದಾಗಿ ಅವಳ ಬಲಗಾಲಿಗೆ ಶರಣಾಗಿ ರಿಂಗ್ ರಸ್ತೆಯಲ್ಲಿ ಓಡಿದವು. ಪುನೀತ್ ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ನನಗಿಂತ ಬೇಗ ಗೇರು ಬದಲಾಯಿಸುತ್ತಿತ್ತು.

ತಡೆಯಲಾರದೆ ಅಂದೆ. "ಆ ಅಮ್ಮ ನನಗೆ ಒಂದು ಮಾತು ಹೇಳಲು ಅವಕಾಶವನ್ನೇ ಕೊಡಲಿಲ್ಲ."

"ಅಮ್ಮನ ಮೇಲೆ ಹಾಕ್ಬೇಡಿ ಕಣ್ರೀ" ಎಂದಳು ಶಾಲಿನಿ, ರಸ್ತೆಯಿಂದ ಕಣ್ಣು ತೆಗೆಯದೆ. "ಆರು ತಿಂಗಳು ನಿಮ್ಮ ಗ್ಯಾರೇಜಿನ ಅಂಗಿ ಕಲ್ಲಿಗೆ ಹಾಕಿ ಒಗ್ದೋಳು ನಾನು. ಆ ಎಣ್ಣೆ ವಾಸನೆ ನನಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಎರಡು ಸಲ ಮತ್ತೆ ಕೇಳಿದೆಯಾ?"

"ಮೊದಲ್ನೇದು ಅಮ್ಮ ಕೊಟ್ಟಿದ್ದು ಅಂತ ಮಡ್ಲಲ್ಲಿ ಕಟ್ಕೊಂಡೆ. ಉಳಿದೆರಡು ನೀವು ಕೊಟ್ಟಿದ್ದು. ಗಂಡ ಪ್ರೀತಿಯಿಂದ ಕೊಟ್ಟಾಗ ಬ್ಯಾಡ ಅನ್ನಬಾರದು ಅಲ್ವಾ?"

ಮರುದಿನ ಭಾನುವಾರ. ಹತ್ತು ಗಂಟೆಗೆ ಸರಿಯಾಗಿ ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅವ್ವ ಮುದ್ದೆ ಕೋಲು ತಂದು ನನ್ನ ಕೈಗೆ ಕೊಟ್ಟು, "ತಿರುವ್ಲಾ ಮಗಾ, ನಿಲ್ಲಿಸ್ಬ್ಯಾಡ, ಗಂಟಾಯ್ತದೆ" ಎಂದಳು.

ನಾನು ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಿದೆ. ಗಂಟಾಯಿತು.